ಜಾಡಿಯ ಮೇಲಿನ ಚೀಟಿ

ನಮ್ಮ ಅತ್ತಿಗೆಯವರ ಉಪ್ಪಿನಕಾಯಿ ಜಾಡಿಗೆ ಮೊತ್ತಮೊದಲು ಬಣ್ಣದ ಚೀಟಿ ಅಂಟಿಸಿದ ದಿನ ಸಾಗರದ ನೆಂಟರಿಷ್ಟರೆಲ್ಲ ಅದನ್ನು ಕೈಯಲ್ಲಿ ಹಿಡಿದು ನೋಡಿ ನಕ್ಕರು. ಚೀಟಿಯ ಮೇಲೆ ಹೊಂಬಣ್ಣದ, ಕೆನ್ನೆ ಕೆಂಪೇರಿದ, ದಪ್ಪನೆಯ ಮಾವಿನ ಹಣ್ಣೊಂದರ ಚಿತ್ರವಿತ್ತು. ಜಾಡಿಯೊಳಗೆ ಇದ್ದುದು ಅಪ್ಪೆಮಿಡಿ. ಮಲೆನಾಡಿನವರಿಗೆ ಇದರ ತಮಾಷೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಎಳನೀರು ಮಾರುವವನು ಅಂಗಡಿಯ ಹಲಗೆಗೆ ಕೊಬ್ಬರಿಯ ಚಿತ್ರ ಬರೆಸಿದ ಹಾಗೆ.

ಚಿತ್ರ ಬರೆದವರು ಬೆಂಗಳೂರಿನ ಒಂದು ವಿನ್ಯಾಸ ಸಂಸ್ಥೆಯವರು. ಜಾಡಿಗೆ ಚೀಟಿ, ವ್ಯಾಪಾರಕ್ಕೊಂದು ಮುದ್ರೆ, ಅಂತರ್ಜಾಲದಲ್ಲಿ ಒಂದು ಅಂಗಡಿ, ಈ ಮೂರನ್ನೂ ಮಾಡಿಕೊಡುತ್ತೇವೆಂದು ಒಪ್ಪಿಕೊಂಡಿದ್ದರು. ಹಣ್ಣಿನ ಚಿತ್ರಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ವ್ಯಾಪಾರದ ಲೆಕ್ಕಪತ್ರ ನನ್ನದು. ಅವರೊಡನೆ ಮಾತನಾಡಿದವನೂ ನಾನೇ. ಫೋನಿನಲ್ಲಿ "ಮಾವಿನ ಉಪ್ಪಿನಕಾಯಿ" ಎಂದಷ್ಟೇ ಹೇಳಿ, ಮುಂಗಡ ಕಳಿಸಿ, ಕೈತೊಳೆದುಕೊಂಡಿದ್ದೆ. ದರ್ಜಿಗೆ ಅಳತೆ ಕೊಡದೆ ಅಂಗಿ ಬಿಗಿಯಾಯಿತೆಂದರೆ ತಪ್ಪು ಯಾರದು?

ಆಮೇಲೆ ಸಂಸ್ಥೆಯ ಹುಡುಗನೊಬ್ಬ ಮನೆಗೇ ಬಂದ. "ನಿಮ್ಮ ಉಪ್ಪಿನಕಾಯಲ್ಲಿ ಬೇರೆಯವರದ್ದರಲ್ಲಿ ಇಲ್ಲದ್ದು ಏನಿದೆ, ಮೇಡಂ?" ಎಂದು ಕೇಳಿದ. ಅತ್ತಿಗೆ ಒಂದು ಕ್ಷಣ ಯೋಚಿಸಿ, "ತೊಟ್ಟು, ತಮ್ಮಾ" ಎಂದರು. ಅವನು ಪೆಚ್ಚಾದ. ಅತ್ತಿಗೆ ಅವನನ್ನು ಉಗ್ರಾಣಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು. ನೆಲಕ್ಕೆ ಬೀಳಿಸದೆ ಮರದಿಂದ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ. ಅಪ್ಪೆಯ ಪರಿಮಳವೆಲ್ಲ ಇರುವುದು ಆ ಸೊನೆಯಲ್ಲಿ. ಉಪ್ಪಿನಲ್ಲಿ ಹಾಕಿಟ್ಟ ಮಿಡಿ ಸುಕ್ಕುಗಟ್ಟಿದ ಮೇಲೆ ಸಾಸಿವೆ, ಮೆಣಸಿನಕಾಯಿ ಅರೆದು ಸೇರಿಸುವುದು. ನಮ್ಮ ಮನೆಯಲ್ಲಿ ಎಣ್ಣೆಯ ಮಾತೇ ಇಲ್ಲ. ಹುಡುಗ ಎಲ್ಲವನ್ನೂ ಬರೆದುಕೊಂಡು ಹೋದ. ಎರಡನೆಯ ಚೀಟಿಯಲ್ಲಿ ಬಂದದ್ದು ತೊಟ್ಟು ಸಹಿತವಾದ ಒಂದು ಹಸಿರು ಮಿಡಿ, ಅಷ್ಟೆ. ಅದನ್ನು ನೋಡಿ ಯಾರೂ ನಗಲಿಲ್ಲ.

ಈ ಬಗೆಯ ಯೋಚನೆ ನಮ್ಮ ನಾಡಿಗೆ ಹೊಸದೂ ಅಲ್ಲ. 1916ರಲ್ಲಿ ಬೆಂಗಳೂರಿನಲ್ಲಿ ಸರಕಾರದ ಸಾಬೂನು ಕಾರ್ಖಾನೆ ಹುಟ್ಟಿತು. ಅದಕ್ಕಾಗಿ ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಎಸ್. ಜಿ. ಶಾಸ್ತ್ರಿಯವರು ರಸಾಯನಶಾಸ್ತ್ರಜ್ಞರು. ಶ್ರೀಗಂಧದ ಎಣ್ಣೆಯನ್ನು ಸಾಬೂನಿಗೆ ಒಗ್ಗಿಸಿದ ಅವರೇ ಅದರ ಆಕಾರ, ಮುದ್ರೆ, ಪೆಟ್ಟಿಗೆಗಳ ಬಗೆಗೂ ತಲೆ ಕೆಡಿಸಿಕೊಂಡರೆಂದು ಹೇಳುತ್ತಾರೆ. ಆ ಅಂಡಾಕಾರದ ಬಿಲ್ಲೆಯನ್ನೂ, ಆನೆಯ ತಲೆ ಸಿಂಹದ ಮೈಯುಳ್ಳ ಶರಭವನ್ನೂ, ಒಡವೆಯ ಪೆಟ್ಟಿಗೆಯಂಥ ಡಬ್ಬಿಯನ್ನೂ ಇಂದಿಗೂ ನಾವು ಕತ್ತಲಲ್ಲಿ ಮುಟ್ಟಿಯಾದರೂ ಗುರುತಿಸಬಲ್ಲೆವು. ಒಳಗಿನದನ್ನು ಬಲ್ಲವರು ಹೊರಗಿನದರ ಬಗ್ಗೆಯೂ ಮಾತನಾಡಿದ್ದರ ಫಲ ಅದು. (ನಮ್ಮ ಉಪ್ಪಿನಕಾಯಿಯ ಹೆಸರನ್ನು ಆಕಾಶವಾಣಿಯಲ್ಲಿ ಹೇಳುವಂತಿಲ್ಲ, ಹೇಳುವುದೂ ಇಲ್ಲ.)

ಚೀಟಿಯ ವಿಷಯದಲ್ಲಿ ಇನ್ನೊಂದು ಜಗಳವೂ ಆಯಿತು. ತೂಕ, ಬೆಲೆ, ತಯಾರಾದ ತಿಂಗಳು, ತಯಾರಿಸಿದವರ ವಿಳಾಸ, ಸಸ್ಯಾಹಾರದ ಹಸಿರು ಚುಕ್ಕೆ, ಇವು ಕಣ್ಣಿಗೆ ಕಾಣುವಂತೆ ಇರಬೇಕೆಂಬುದು ಕಾನೂನು. ವಿನ್ಯಾಸದವರು ಇವನ್ನು ಕಂದು ಬಣ್ಣದ ಮೇಲೆ ಚಿನ್ನದ ಬಣ್ಣದಲ್ಲಿ, ಇರುವೆ ಸಾಲಿನಂತೆ ಅಚ್ಚು ಹಾಕಿಸಿದ್ದರು. ಅಂದವಾಗಿಯೇ ಇತ್ತು, ಓದಲು ಮಾತ್ರ ಬರುತ್ತಿರಲಿಲ್ಲ. ಮತ್ತೆ ಅಚ್ಚು ಹಾಕಿಸಿದೆವು.

ಇನ್ನು ಜಾಹೀರಾತು. ಅಂತರ್ಜಾಲದಲ್ಲಿ ಹುಡುಕುವವರ ಕಣ್ಣಿಗೆ ಬೀಳುವ ಜಾಹೀರಾತಿಗೆ ಸಾಮಾನ್ಯವಾಗಿ ಒಂದೊಂದು ಒತ್ತಿಗೂ ಹಣ. ನೋಡಿದವನು ಕೊಂಡರೂ ಅಷ್ಟೆ, ಮುಖ ತಿರುಗಿಸಿ ಹೋದರೂ ಅಷ್ಟೆ. ಮೊದಲು "ಮಾವಿನ ಉಪ್ಪಿನಕಾಯಿ" ಎಂಬ ಮಾತಿಗೆ, ಇಡೀ ದೇಶಕ್ಕೆ ಕಾಣುವಂತೆ ಹಾಕಿಸಿದೆವು. ಉತ್ತರದೇಶದವರು ಬಂದರು, ಸಾಸಿವೆ ಎಣ್ಣೆಯ ಹೋಳುಗಳನ್ನು ಹುಡುಕಿದರು, ಹೋದರು. ಹದಿನೈದು ದಿನದಲ್ಲಿ ಗಂಟು ಕರಗಿತು. ಆಮೇಲೆ "ಅಪ್ಪೆಮಿಡಿ", "ಮಿಡಿ ಉಪ್ಪಿನಕಾಯಿ" ಎಂಬ ಮಾತುಗಳಿಗೆ ಮಾತ್ರ, ಬೆಂಗಳೂರು, ಮೈಸೂರು, ಮುಂಬಯಿ, ಪುಣೆಗಳಲ್ಲಿ ಮಾತ್ರ ಕಾಣುವಂತೆ ಬದಲಾಯಿಸಿದೆವು. ಹಾಗೆ ಹುಡುಕುವವರು ಕಡಿಮೆ. ಆದರೆ ಆ ಮಾತನ್ನು ಟೈಪು ಮಾಡುವವನಿಗೆ ಅಜ್ಜಿಯ ಮನೆಯ ಭರಣಿ ನೆನಪಿಗೆ ಬಂದಿರುತ್ತದೆ. ಅವನು ಕೊಳ್ಳದೆ ಹೋಗುವುದು ಅಪರೂಪ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರಲು, ನಾಲ್ಕನೆಯ ವರ್ಷ ಒಂದು ಬಿಲ್ಲಿನ ವಿಷಯಕ್ಕೆ ನಮಗೂ ಸಂಸ್ಥೆಗೂ ಮನಸ್ತಾಪ ಬಂತು. ಬೇರೆಯವರ ಹತ್ತಿರ ಹೋಗೋಣವೆಂದು ಹೊರಟಾಗ ತಿಳಿಯಿತು, ನಮ್ಮ ಅಂತರ್ಜಾಲದ ಅಂಗಡಿಯ ವಿಳಾಸ ನೋಂದಣಿಯಾಗಿದ್ದುದು ನಮ್ಮ ಹೆಸರಿನಲ್ಲಲ್ಲ, ಅವರ ಹೆಸರಿನಲ್ಲಿ. ಈ ವಿಳಾಸವೆಂಬುದು ಕೊಂಡು ಮುಗಿಸುವ ಆಸ್ತಿಯಲ್ಲ. ಒಂದು ವರ್ಷಕ್ಕೋ ಹಲವು ವರ್ಷಕ್ಕೋ ಶುಲ್ಕ ಕಟ್ಟಿ ನೋಂದಾಯಿಸಿ, ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ನೆನಪಿನ ಓಲೆ ಹೋಗುವುದು ನೋಂದಣಿಯಲ್ಲಿರುವ ಮಿಂಚಂಚೆಗೆ, ಅದೂ ಅವರದೇ. ಗಿರಾಕಿಗಳ ಪಟ್ಟಿ, ಜಾಹೀರಾತಿನ ಖಾತೆ, ಮುದ್ರೆಯ ಮೂಲ ಕಡತ, ಎಲ್ಲ ಅವರ ಯಂತ್ರದಲ್ಲಿ. ಒಂದು ಬೆಳಗ್ಗೆ ನಮ್ಮ ಅಂಗಡಿ ಇದ್ದ ಜಾಗದಲ್ಲಿ ಬಿಳಿಯ ಪರದೆ.

ಹೊಸ ಉಪ್ಪಿನಕಾಯಿ ಬೇಕೆಂದು ಪರವೂರಿನವರು ಕೇಳುವ ಕಾಲ ಅದು. ಮಿಡಿ ಕೊಳ್ಳಲು ಅತ್ತಿಗೆ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದಿದ್ದರು. ಜಾಡಿ ತುಂಬುವ ಕೆಲಸಕ್ಕೆ ಬರುತ್ತಿದ್ದ ಮೂವರು ಹೆಂಗಸರಿಗೆ ಏನು ಹೇಳುವುದೆಂದು ತಿಳಿಯದೆ ನಾನು ಎರಡು ದಿನ ಪೇಟೆಯ ಕಡೆಗೇ ತಿರುಗಾಡಿಕೊಂಡಿದ್ದೆ. ಕಾಪಾಡಿದ್ದು ಒಂದು ನೋಟುಪುಸ್ತಕ. ಯಂತ್ರವನ್ನು ಎಂದೂ ನಂಬದ ಅತ್ತಿಗೆ, ಜಾಡಿ ಕಳಿಸಿದವರೆಲ್ಲರ ವಿಳಾಸ, ಫೋನು ನಂಬರುಗಳನ್ನು ಮೊದಲಿನಿಂದಲೂ ಕೈಯಲ್ಲಿ ಬರೆದಿಟ್ಟಿದ್ದರು. ನಾನು ಅದನ್ನು ಕಂಡು ಎಷ್ಟೋ ಸಲ ಹಾಸ್ಯ ಮಾಡಿದ್ದುಂಟು. ಅದನ್ನೇ ಮುಂದಿಟ್ಟುಕೊಂಡು ಅತ್ತಿಗೆ ಒಬ್ಬೊಬ್ಬರಿಗೂ ಫೋನು ಮಾಡಿದರು. ಆ ವರ್ಷದ ಮಾಲಿನಲ್ಲಿ ಮುಕ್ಕಾಲು ಪಾಲು ಹಾಗೆಯೇ ಹೋಯಿತು. ಉಳಿದದ್ದನ್ನು ಊರಿನ ಅಂಗಡಿಗಳಿಗೆ ಕಡಮೆ ಬೆಲೆಗೆ ಕೊಟ್ಟೆವು. ಹಳೆಯ ವಿಳಾಸ ನಮಗೆ ಮರಳಿ ಸಿಗಲೇ ಇಲ್ಲ.

ಆಮೇಲೆ ವಕೀಲರೊಬ್ಬರಿಂದ ತಿಳಿದುಕೊಂಡೆ. ಹಣ ಕೊಟ್ಟು ಬರೆಸಿದ ಮಾತ್ರಕ್ಕೆ ಎಲ್ಲ ಬಗೆಯ ಕೃತಿಯ ಹಕ್ಕೂ ಬರೆಸಿದವರಿಗೆ ಬಂದುಬಿಡುವುದಿಲ್ಲ. 1957ರ ಕೃತಿಸ್ವಾಮ್ಯ ಶಾಸನದ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಆ ಬರಹದಲ್ಲಿ ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತ ಮಾತ್ರವೆಂದೂ ಅರ್ಥ. ಅಮೆರಿಕದಲ್ಲಿರುವ ಸೊಸೆಯಂದಿರಿಗೂ ಜಾಡಿ ಕಳಿಸುವ ನಮ್ಮಂಥವರು ಈ ಎರಡು ಸಾಲನ್ನು ಮರೆಯುವಂತಿಲ್ಲ. ವ್ಯಾಪಾರದ ಮುದ್ರೆಯನ್ನು 1999ರ ಶಾಸನದಂತೆ ನೋಂದಾಯಿಸುವುದು ಬೇರೆ ಕೆಲಸ. ಅದು 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು. ಅದನ್ನೂ ಅತ್ತಿಗೆಯವರ ಹೆಸರಿನಲ್ಲೇ ಮಾಡಿಸಿದೆವು.

ಈಗ ನಮ್ಮ ಕೆಲಸ ಮಾಡುವವರು ಶಿವಮೊಗ್ಗದ ಇಬ್ಬರು ಹುಡುಗಿಯರು. ವಿಳಾಸ, ಖಾತೆ, ಗುಪ್ತಪದ ಎಲ್ಲ ಅತ್ತಿಗೆಯವರ ಹೆಸರು, ಅತ್ತಿಗೆಯವರ ಫೋನು. ಅವರಿಗೆ ಕೊಟ್ಟಿರುವುದು ಕೆಲಸ ಮಾಡುವಷ್ಟು ಅನುಮತಿ ಮಾತ್ರ. ಒಂದೊಂದು ಹಂತ ಮುಗಿದಾಗ ಮೂಲ ಕಡತ ಕೈಗೆ ಬಂದ ಮೇಲೆ ಕಂತಿನ ಹಣ. ಕರಾರನ್ನು ಓದಿ ಅವರು ಮುಖ ಸಿಂಡರಿಸಲಿಲ್ಲ. ಹೀಗೆ ಬರೆದುಕೊಟ್ಟರೆ ನಮಗೂ ನಿಶ್ಚಿಂತೆ ಎಂದರು. ಬರುವ ಮಿಡಿಯ ಕಾಲಕ್ಕೆ ಹೊಸ ಚಿತ್ರಗಳು ಬೇಕಂತೆ. ಕೊಯ್ಲಿನ ದಿನ ನಸುಕಿಗೇ ಬರಬೇಕು, ಮರದ ಬುಡದಲ್ಲಿ ನಿಂತು ನೋಡಬೇಕು ಎಂದು ಅತ್ತಿಗೆ ಹೇಳಿಕಳಿಸಿದ್ದಾರೆ. ನೋಟುಪುಸ್ತಕವೂ ಮೂರನೆಯದು ನಡೆಯುತ್ತಿದೆ.