ಮೀನಂಗಡಿಯಿಂದ ಹೊರಟ ಜನಾಭಿಪ್ರಾಯ



ಅಣ್ವಸ್ತ್ರ ನಿಷೇಧವೆಂದರೆ ದೂರದ ರಾಜಧಾನಿಗಳಲ್ಲಿ ರಾಜತಂತ್ರಜ್ಞರು ನಡೆಸುವ ಚರ್ಚೆಯೆಂಬ ಭಾವನೆ ಸಾಮಾನ್ಯವಾಗಿದೆ. ಜಪಾನಿನಲ್ಲಿ ಅದು ಅಡುಗೆಮನೆಯ ಪ್ರಶ್ನೆಯೂ ಆಗಿತ್ತು.

1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ ಜಲಜನಕ ಬಾಂಬನ್ನು ಸ್ಫೋಟಿಸಿತು. ವಿಕಿರಣ ತುಂಬಿದ ಹವಳದ ಬೂದಿ ‘ದೈಗೊ ಫುಕುರ್ಯು ಮಾರು’ ಎಂಬ ಜಪಾನಿ ಮೀನುಗಾರಿಕಾ ಹಡಗಿನ ಮೇಲೆ ಸುರಿಯಿತು. ಅದರಲ್ಲಿದ್ದ 23 ಮಂದಿಯೂ ಅಸ್ವಸ್ಥರಾದರು. ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಹಡಗು ತಂದ ಮೀನು ಅಷ್ಟರಲ್ಲಿ ಮಾರುಕಟ್ಟೆಯನ್ನೂ ಸೇರಿತ್ತು. ಜನರ ಭಯ ನಿರಾಧಾರವಾಗಿರಲಿಲ್ಲ. ಇಂಥ ಬೂದಿಯಲ್ಲಿರುವ ಸ್ಟ್ರಾನ್ಷಿಯಂ-90 ಗುಣದಲ್ಲಿ ಸುಣ್ಣದ ಅಂಶವನ್ನು ಹೋಲುತ್ತದೆ. ಹುಲ್ಲು ಅದನ್ನು ಸುಣ್ಣವೆಂದೇ ಹೀರುತ್ತದೆ, ಹಸು ಹಾಲಿಗಿಳಿಸುತ್ತದೆ, ಮಗುವಿನ ಮೂಳೆ ಕಾಪಿಟ್ಟುಕೊಳ್ಳುತ್ತದೆ.

ಟೋಕಿಯೋದ ಸುಗಿನಾಮಿ ಪ್ರದೇಶದ ಗೃಹಿಣಿಯರೂ ಮೀನು ವ್ಯಾಪಾರಿಗಳೂ ಸಹಿ ಸಂಗ್ರಹಕ್ಕೆ ಇಳಿದರು. ಚಳವಳಿ ದೇಶವ್ಯಾಪಿಯಾಗಿ, 1955ರ ಆಗಸ್ಟ್ ವೇಳೆಗೆ ಸಹಿಗಳು 3 ಕೋಟಿ ದಾಟಿದವು. ಆಗಿನ ಜನಸಂಖ್ಯೆ ಸುಮಾರು 9 ಕೋಟಿ!

2017ರ ಜುಲೈ 7ರಂದು ವಿಶ್ವಸಂಸ್ಥೆಯಲ್ಲಿ 122 ರಾಷ್ಟ್ರಗಳ ಮತದಿಂದ ಅಣ್ವಸ್ತ್ರ ನಿಷೇಧ ಒಪ್ಪಂದ ಅಂಗೀಕೃತವಾಯಿತು. 2021ರ ಜನವರಿ 22ರಂದು ಜಾರಿಗೂ ಬಂದಿತು. ಜಪಾನ್ ಸೇರಲಿಲ್ಲ. (ಭಾರತವೂ ಸೇರಿಲ್ಲ, ಮಾತುಕತೆಗೇ ಹೋಗಲಿಲ್ಲ.) ಸೇರಬೇಕೆಂಬುದು ಬಹುಸಂಖ್ಯಾತರ ಅಭಿಪ್ರಾಯವೆಂದು ಜಪಾನಿನ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಅಣುಬಾಂಬ್ ಸಂತ್ರಸ್ತರು 2016ರಿಂದ 2020ರವರೆಗೆ 1 ಕೋಟಿ 37 ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಹಿರೋಶಿಮಾ, ನಾಗಸಾಕಿಗಳ ಮೇಯರ್‌ಗಳು ಆಗಸ್ಟ್ ತಿಂಗಳ ಸ್ಮರಣೆಯ ದಿನಗಳಂದು ಇದನ್ನೇ ಕೇಳುತ್ತ ಬಂದಿದ್ದಾರೆ. ಆದರೂ 2022, 2023 ಮತ್ತು 2025ರ ಸದಸ್ಯರಾಷ್ಟ್ರಗಳ ಸಭೆಗಳಿಗೆ ಸರ್ಕಾರ ವೀಕ್ಷಕರನ್ನೂ ಕಳುಹಿಸಲಿಲ್ಲ.

ಅಣ್ವಸ್ತ್ರವುಳ್ಳ ಯಾವ ದೇಶವೂ ಒಪ್ಪಂದದಲ್ಲಿಲ್ಲ, ನೆರೆಯಲ್ಲಿ ಚೀನಾ ಮತ್ತು ಉತ್ತರ ಕೊರಿಯಾ ಇರುವಾಗ ಅಮೆರಿಕದ ಅಣ್ವಸ್ತ್ರದ ಕೊಡೆ ಅನಿವಾರ್ಯ ಎಂಬುದು ಸರ್ಕಾರದ ವಾದ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಒಪ್ಪಂದಕ್ಕೆ ಸೇರಬೇಕೇ ಎಂದರೆ ಹೌದೆನ್ನುವುದು ಸುಲಭ; ಕೊಡೆ ಮಡಚಲು ಸಿದ್ಧರೇ ಎಂಬುದು ಕಠಿಣ ಪ್ರಶ್ನೆ. ಒಪ್ಪಂದವಾದರೋ ಎರಡನೆಯದನ್ನೇ ಕೇಳುತ್ತದೆ. ಆದರೆ ಸಭೆಯಲ್ಲಿ ಕುಳಿತು ಕೇಳಿಸಿಕೊಳ್ಳುವುದಕ್ಕೆ ಕೊಡೆ ಮಡಚಬೇಕಿರಲಿಲ್ಲ. ಅಮೆರಿಕದ ಮಿತ್ರದೇಶವಾದ ಜರ್ಮನಿಯೇ 2022ರಲ್ಲಿ ವೀಕ್ಷಕನಾಗಿ ಹೋಗಿತ್ತು.

ಸಂತ್ರಸ್ತರ ಸಂಘಟನೆ ನಿಹೊನ್ ಹಿದಾನ್‌ಕ್ಯೊಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು. 2025ರ ಮಾರ್ಚ್ ಅಂತ್ಯಕ್ಕೆ ಅಲ್ಲಿನ ನೋಂದಾಯಿತ ಸಂತ್ರಸ್ತರ ಸಂಖ್ಯೆ ಮೊದಲ ಬಾರಿಗೆ 1 ಲಕ್ಷಕ್ಕಿಂತ ಕೆಳಗಿಳಿಯಿತು. ಅವರ ಸರಾಸರಿ ವಯಸ್ಸು ಆಗ 86 ದಾಟಿತ್ತು.