‘ಯುದ್ಧ ಮತ್ತು ಶಾಂತಿ’ಯನ್ನು ನೋಡಿದ ಬಳಿಕ
(ಲೋಣಾವಳಾದ ಕನ್ನಡ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಹೊರಗೆ ಘಟ್ಟದ ಮಳೆ ಬಿಡದೆ ಸುರಿಯುತ್ತಿರಲು, ಕಳೆದ ನಾಲ್ಕು ಭಾನುವಾರಗಳಂದು ನಾವು ಕೆಲವರು ಸೆರ್ಗೇಯ್ ಬೊಂದಾರ್ಚುಕರ ‘ಯುದ್ಧ ಮತ್ತು ಶಾಂತಿ’ಯನ್ನು ದಿನಕ್ಕೊಂದು ಭಾಗದಂತೆ ನೋಡಿ ಮುಗಿಸಿದೆವು. 1966-67ರಲ್ಲಿ ನಾಲ್ಕು ಭಾಗಗಳಾಗಿ ತೆರೆಕಂಡ ಈ ಸೋವಿಯತ್ ಚಿತ್ರದ ಅವಧಿ ಸುಮಾರು ಏಳು ಗಂಟೆ. ಅಷ್ಟು ಹೊತ್ತು ಕೂರುವವರಾರು ಎಂದವರಿದ್ದರು. ಇರುಳಿಡೀ ಬಯಲಾಟ ನೋಡಿದವರ ಮಕ್ಕಳಿಗೆ ಈ ಪ್ರಶ್ನೆ ಸಲ್ಲದು.

ಬೊರೊದಿನೊ ಕದನದ ದೃಶ್ಯಗಳಲ್ಲಿ ಸಾವಿರಾರು ನಿಜ ಸೈನಿಕರಿದ್ದಾರೆ. ಆ ವೈಭವವನ್ನು ಬಣ್ಣಿಸುವುದು ನನ್ನ ಉದ್ದೇಶವಲ್ಲ. ನನ್ನನ್ನು ಕಾಡಿದ್ದು ಮಾತಿನ ವಿಚಾರ. 1805ರ ಪೀಟರ್ಸ್‌ಬರ್ಗಿನ ಕುಲೀನರು ತಮ್ಮತಮ್ಮೊಳಗೆ ಆಡುವುದು ಫ್ರೆಂಚ್. ಟಾಲ್‌ಸ್ಟಾಯರ ಕಾದಂಬರಿ ಆರಂಭವಾಗುವುದೇ ಫ್ರೆಂಚ್ ಮಾತಿನಿಂದ. 1812ರಲ್ಲಿ ನೆಪೋಲಿಯನ್ನನು ದಂಡೆತ್ತಿ ಬಂದಾಗ ಇವರಿಗೆ ನಾಚಿಕೆಯಾಗುತ್ತದೆ. ಫ್ರೆಂಚ್ ಆಡಿದವರು ದಂಡ ತೆರಬೇಕೆಂದು ಮಾಸ್ಕೋದ ಕೂಟವೊಂದು ಕಟ್ಟಳೆ ಮಾಡಿಕೊಳ್ಳುವುದನ್ನು ಕಾದಂಬರಿಯಲ್ಲಿ ಓದಿ ನಕ್ಕಿದ್ದೆ. ಈಗ ನಗು ಬಾರದು. ನಮ್ಮ ಮನೆಗಳಲ್ಲಿ ಕನ್ನಡ ಯಾವಾಗ ಬರುತ್ತದೆ? ಊರಿನಿಂದ ಅಜ್ಜಿ ಬಂದಾಗ.

ಎರಡನೆಯ ಭಾಗದಲ್ಲಿ ಬೇಟೆ ಮುಗಿದ ಮೇಲೆ ಹಳ್ಳಿಯ ಬಂಧುವಿನ ಮನೆಯಲ್ಲಿ ನತಾಶಾ ಕುಣಿಯುತ್ತಾಳೆ. ಫ್ರೆಂಚ್ ಶಿಕ್ಷಕಿಯ ಕೈಯಲ್ಲಿ ಬೆಳೆದ ಈ ಹುಡುಗಿಗೆ ನಾಡಿನ ಹೆಜ್ಜೆ ಎಲ್ಲಿಂದ ಬಂತೆಂದು ಟಾಲ್‌ಸ್ಟಾಯರು ಬೆರಗಾಗುತ್ತಾರೆ. ನೋಡುತ್ತಿರುವ ಅನೀಸ್ಯಾಳ ಕಣ್ಣು ತುಂಬುತ್ತದೆ. ನಮ್ಮಲ್ಲೂ ಹಲವರ ಕಣ್ಣು ತುಂಬಿತು. ಆದರೆ ಇಲ್ಲಿ ನಾನು ಮಹಾಲೇಖಕರನ್ನು ಪೂರ್ತಿ ಒಪ್ಪಲಾರೆ. ನೆಲದ ಗುಣ ನೆತ್ತರಲ್ಲೇ ಇರುತ್ತದೆಂಬ ನಂಬಿಕೆ ನಮ್ಮಂಥ ಹೊರನಾಡಿಗರಿಗೆ ಬಲು ಹಿತ; ಏನೂ ಮಾಡದೆ ಕೂರಲು ಒಳ್ಳೆಯ ನೆಪ. ಹೆಜ್ಜೆ ತಾನಾಗಿ ಬಂದೀತು, ಭಾಷೆ ಬಾರದು. ಅದನ್ನು ಉಳಿಸಿಕೊಂಡವರು ಅಡಿಗೆ ಬಡಿಸಿ ಬಾಗಿಲ ಬಳಿ ನಿಂತ ಅನೀಸ್ಯಾಳಂಥವರು. ಜೀತದಿಂದ ಅಂಥ ರೈತರಿಗೆ ಬಿಡುಗಡೆ ದೊರೆತದ್ದು 1861ರಲ್ಲಿ.

ಪುಣೆಯ ಸುತ್ತ ಕಟ್ಟಡದ ಕೆಲಸಕ್ಕೆ ಬಂದ ಕಲಬುರ್ಗಿ, ವಿಜಯಪುರದ ಕಡೆಯ ಕೂಲಿಕಾರರು ಇಟ್ಟಿಗೆ ಹೊರುತ್ತ ಆಡುವುದು ಕನ್ನಡವೇ. ನಮ್ಮ ರಾಜ್ಯೋತ್ಸವದ ಆಹ್ವಾನಪತ್ರಿಕೆ ಅವರಿಗೆ ಎಂದಾದರೂ ಹೋಗಿದೆಯೆ? ನಾನೂ ಕೊಟ್ಟವನಲ್ಲ.

ಆದ್ದರಿಂದ ಒಂದು ಸೂಚನೆ. ಆ ಎರಡನೆಯ ಭಾಗವನ್ನು ಇನ್ನೊಮ್ಮೆ ತೋರಿಸೋಣ, ಅವರ ಬಿಡುವಿನ ದಿನದಂದು. ಯಾರಾದರೊಬ್ಬರು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕಥೆ ಹೇಳಬೇಕಾದೀತು. ಕುರ್ಚಿಗಳನ್ನು ನಾನು ತರಿಸುತ್ತೇನೆ.