ಪುಕ್ಕಟೆ ಮಾತ್ರೆಗೆ ತೆರುವ ಬೆಲೆ

(ಸರಗೂರಿನಲ್ಲಿ ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಎಚ್‌ಐವಿ ಅಂದ ಕೂಡಲೆ ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು. ನಗಿ. ನಾವೂ ಒಮ್ಮೆ ನಕ್ಕವರೇ, ಅದನ್ನ ಆಮೇಲೆ ಹೇಳ್ತೀವಿ.

2004ರ ಏಪ್ರಿಲ್‌ನಿಂದ ಸರ್ಕಾರ ಈ ರೋಗಕ್ಕೆ ಪುಕ್ಕಟೆ ಔಷಧಿ ಕೊಡುತ್ತಿದೆ. ಈಗ ಬಹಳ ಜನಕ್ಕೆ ದಿನಕ್ಕೊಂದೇ ಮಾತ್ರೆ, ಅದರೊಳಗೇ ಮೂರು ಮದ್ದು. ಬಿಡದೆ ನುಂಗಿದರೆ ರಕ್ತದ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದವರಿಂದ ಕೂಡಿ ಮಲಗಿದವರಿಗೂ ರೋಗ ದಾಟುವುದಿಲ್ಲ. ಬಿಟ್ಟು ಬಿಟ್ಟು ನುಂಗಿದರೆ ಅದೇ ವೈರಸ್ಸು ಮದ್ದಿಗೆ ಬಗ್ಗದಂತಾಗುತ್ತದೆ. ಮತ್ಯಾಕೆ ನಮ್ಮವರು ನಡುವೆ ಬಿಡುತ್ತಾರೆ? ಓದು ಬರಹ ಇಲ್ಲದವರು, ಕುಡುಕರು ಅಂತ ಹೇಳಿ ಕೈ ತೊಳಕೊಳ್ಳೋರು ಬಹಳ. ನಾವು ಒಪ್ಪುವುದಿಲ್ಲ.

ಲೆಕ್ಕ ಹಾಕಿ. ಇಲ್ಲಿನ ಹಾಡಿಯಿಂದಲೋ ಕೇರಿಯಿಂದಲೋ ಮದ್ದಿಗೆ ಹೊರಟರೆ ಒಂದು ದಿನದ ಕೂಲಿ ಹೋಯ್ತು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ, ಸರಿ. ಕೂಲಿ ಯಾರು ಕೊಡ್ತಾರೆ? ಕೊಡಗಿಗೆ ಕಾಫಿ ಕುಯ್ಯಲು, ವಯನಾಡಿಗೆ ಶುಂಠಿ ಕೆಲಸಕ್ಕೆ ಹೋದವರು ವಾರಗಟ್ಟಲೆ ಅಲ್ಲೇ ಇರಬೇಕು. ಡಬ್ಬಿ ಖಾಲಿಯಾದರೆ ಮೇಸ್ತ್ರಿ ಹತ್ರ ರಜಾ ಕೇಳಬೇಕು. ಯಾಕೆ ಅಂತಾನೆ. ಏನು ಹೇಳೋದು?

ಹೇಳಲಾಗದ್ದೇ ದೊಡ್ಡ ಬೆಲೆ. ಹತ್ತಿರದ ಆಸ್ಪತ್ರೆ ಬಿಟ್ಟು ಮೈಸೂರಿನ ಎ.ಆರ್.ಟಿ. ಕೇಂದ್ರಕ್ಕೆ ಹೋಗುವವರನ್ನು ಬಲ್ಲೆವು. ಹತ್ತಿರದಲ್ಲಿ ಪರಿಚಯದ ಮುಖ ಸಿಗುತ್ತದಲ್ಲ, ಅದಕ್ಕೆ. ಡಬ್ಬಿಯ ಚೀಟಿ ಕಿತ್ತು ರಾಗಿಹಿಟ್ಟಿನಲ್ಲಿ ಹುದುಗಿಸಿಡುವ ಅವ್ವನನ್ನೂ ಬಲ್ಲೆವು. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟವರ ಮೇಲೆ ಹೋರಾಡಿದವರು ನಾವು. ಮನೆಯೊಳಗೆ ಆ ಅವ್ವನಿಗೆ ಬೇರೆ ತಟ್ಟೆ ಇಟ್ಟವರೂ ನಾವೇ! ತಟ್ಟೆಯಿಂದ ಈ ರೋಗ ಬರೋದಿಲ್ಲ ಅಂತ ಡಾಕ್ಟರು ಎಷ್ಟು ಸಲ ಹೇಳಬೇಕು?

2017ರಲ್ಲಿ ಕಾಯ್ದೆ ಆಯಿತು, 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಯಲ್ಲಿ ಈ ರೋಗದ ನೆಪದಲ್ಲಿ ಭೇದ ಮಾಡುವಂತಿಲ್ಲ. ಒಳ್ಳೆಯದೇ. ಆದರೆ ಹಾಸ್ಟೆಲ್ಲಿನ ಟ್ರಂಕಿಗೆ ಕಾಯ್ದೆ ಬೀಗ ತಂದುಕೊಡುವುದಿಲ್ಲ.

ನಾವಿದ್ದ ಹಾಸ್ಟೆಲ್ಲಿನಲ್ಲಿ ಒಬ್ಬ ಹುಡುಗ ದೀಪ ಆರಿದ ಮೇಲೆ ಬಚ್ಚಲಿಗೆ ಹೋಗಿ ಮಾತ್ರೆ ನುಂಗುತ್ತಿದ್ದ. ಹುಟ್ಟಿನಿಂದಲೇ ಬಂದ ರೋಗ. ಒಂದಿನ ಯಾರೋ ಅವನ ಟ್ರಂಕು ತೆಗೆದು, ಡಬ್ಬಿಯನ್ನ ಗಿಲಕಿಯಂತೆ ಆಡಿಸಿದರು. ನಾವು ನಕ್ಕೆವು. ಆ ಶನಿವಾರ ಅವನು ಡಬ್ಬಿ ಊರಿಗೆ ಒಯ್ದು, ಅಲ್ಲೇ ಬಿಟ್ಟು ಬಂದ. ಮಾತ್ರೆ ನಿಂತಿತು. ಮರುವರ್ಷ ಅವನ ಮಂಚದಲ್ಲಿ ಬೇರೆ ಹುಡುಗ ಮಲಗಿದ್ದ.

ವಾರ್ಡನ್ನರಿಗೆ ಕೊಡುವ ಅರ್ಜಿಯಲ್ಲಿ ಅನ್ನ ಸಾರಿನ ಮಾತಿನ ಜತೆಗೆ, ಪ್ರತಿಯೊಬ್ಬರಿಗೂ ಬೀಗವಿರುವ ಪೆಟ್ಟಿಗೆ ಬೇಕು ಅಂತ ಬರೆದಿದ್ದೇವೆ. ಯಾಕೆ ಅಂತ ಬರೆದಿಲ್ಲ. ಪೆನ್ನು ಇಲ್ಲಿದೆ, ಸಹಿ ಹಾಕುವವರು ಮುಂದೆ ಬನ್ನಿ.